ಗೋಡೆಯಾಚೆಯ ಜೊತೆಗಾರ

ಟಾಲ್ಕಂ ಪೌಡರಿನ ವಾಸನೆ ಬಂದರೆ ಈಗಲೂ ಹ್ಯಾರೋ ಊರಿನ ನಮ್ಮ ಹಳೆ ಮನೆಯ ಆ ರವಿವಾರದ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ಅಂಗೈಗೆ ಪೌಡರ್ ಹಚ್ಚಿಕೊಂಡು ತಬಲಾ ನುಡಿಸುತ್ತಿದ್ದರು. ಪಕ್ಕದ ಮನೆಗೂ ನಮಗೂ ನಡುವೆ ಒಂದೇ ಗೋಡೆ. ಆಚೆ ಒಂಟಿಯಾಗಿದ್ದ ಇಂಗ್ಲಿಷ್ ಮುದುಕರು ಗೋಡೆ ಕುಟ್ಟಿದರು. ಅಪ್ಪನ ಕೈ ತಟ್ಟನೆ ನಿಂತಿತು.

"ಗದ್ಲಾ ಅಂತ ಊರಿನ ಕೌನ್ಸಿಲ್‌ಗೆ ಕಂಪ್ಲೇಂಟ್ ಕೊಟ್ರ ಏನ್ ಮಾಡೋದ್ರಿ?" ಎಂದು ಅವ್ವ, ಅಜ್ಜಿಯ ಇಳಕಲ್ ಸೀರೆಯ ತುಂಡುಗಳಿಂದ ಹೊಲಿದ ದಪ್ಪ ಕೌದಿಯನ್ನು ಆ ಗೋಡೆಗೆ ತೂಗುಹಾಕಿದಳು. ಬೇಸನ್ ಉಂಡಿಯ ಡಬ್ಬಿ ಕೊಟ್ಟು, ಕ್ಷಮೆ ಕೇಳಿ ಬರಲು ಅಪ್ಪನನ್ನೂ ನನ್ನನ್ನೂ ಕಳಿಸಿದಳು.

ಬಾಗಿಲು ತೆರೆದ ಮುದುಕರ ಕೈಯಲ್ಲಿ ಡ್ರಮ್ ಬಾರಿಸುವ ಕೋಲುಗಳಿದ್ದವು. ಅವರ ಹಿಂದೆ ಗೋಡೆಗೆ ತೂಗುಹಾಕಿದ್ದ ಹಳೆ ಫೋಟೋದಲ್ಲಿ ಬಿಳಿ ಕೋಟಿನ ತರುಣನೊಬ್ಬ ಡ್ರಮ್ಮುಗಳ ನಡುವೆ ಕೂತಿದ್ದ. ಸುತ್ತ ಸ್ಯಾಕ್ಸೊಫೋನ್, ಟ್ರಂಪೆಟ್ ಹಿಡಿದವರು.

ಅಪ್ಪ "ಸಾರಿ" ಅನ್ನುವಷ್ಟರಲ್ಲಿ ಅವರೇ ಕೇಳಿದರು: "ಯಾಕೆ ನಿಲ್ಲಿಸಿದಿರಿ? ನಾನು ನಿಮ್ಮ ಜೊತೆ ಬಾರಿಸುತ್ತಿದ್ದೆ."

ಫೋಟೋದಲ್ಲಿದ್ದದ್ದು ಅವರದೇ ಜಾಝ್ ಬ್ಯಾಂಡು. ಒಂದು ಕಾಲಕ್ಕೆ ಅವರ ಕೈ ಬಿದ್ದರೆ ಇಡೀ ಡಾನ್ಸ್ ಹಾಲ್ ಕುಣಿಯುತ್ತಿತ್ತಂತೆ. ಆಮೇಲೆ ಗಿಟಾರ್ ಹಿಡಿದ ಹೊಸ ಕಾಲದ ಹುಡುಗರು ಬಂದರು, ಜನ ಅತ್ತ ಹೋದರು, ಬ್ಯಾಂಡು ಚದುರಿತು, ಡ್ರಮ್ಮುಗಳೂ ಹೋದವು. ಉಳಿದದ್ದು ಈ ಕೋಲುಗಳು.

ಅಪ್ಪ ನಗಲು ಶುರುಮಾಡಿದರು. ಬೇರೆಯವರ ಹೊಸ್ತಿಲಲ್ಲಿ ನಿಂತು ಅವರು ಹಾಗೆ ನಕ್ಕದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಮನೆಗೆ ಬಂದು ಮತ್ತೆ ಪೌಡರ್ ಹಚ್ಚಿಕೊಂಡು ಕೂತರು. ಆಚೆಯಿಂದ ಗೋಡೆ ಹದವಾಗಿ ಉತ್ತರ ಕೊಟ್ಟಿತು. ಅವ್ವ ಗೋಡೆಯ ಹತ್ತಿರ ಬಂದು ಕಿವಿಗೊಟ್ಟಳು.

"ಇದಿದ್ರ ಅಜ್ಜಾರಿಗೆ ಸರಿಯಾಗಿ ಕೇಳಸೂದಿಲ್ಲ" ಎಂದು ಕೌದಿ ತೆಗೆದಳು.