ಖಾನಾವಳಿಯ ಮೊದಲ ನಷ್ಟ

ಕದ್ದವಳು ಈರಮ್ಮನೇ ಎಂದು ಮರಿಬಸಪ್ಪ ತೀರ್ಮಾನಿಸಿಬಿಟ್ಟಿದ್ದ. ಕುರುಗೋಡಿನ ಬಸ್ ಸ್ಟ್ಯಾಂಡಿನ ಎದುರಿದ್ದ ಅವನ ಖಾನಾವಳಿ ಇಷ್ಟು ವರ್ಷ ನಷ್ಟದ ಮುಖ ಕಂಡಿರಲಿಲ್ಲ. ಅವಳು ರೊಟ್ಟಿ ಬಡಿಯಲು ಬಂದ ಮೇಲೆ, ಎಪ್ಪತ್ತೆರಡರ ದೀಪಾವಳಿಯ ಲೆಕ್ಕದಲ್ಲಿ ಕಂಡಿತು. ಎಂಜಲು ಕೈಯಲ್ಲಿ ಕಾಗೆ ಓಡಿಸದ ಮನುಷ್ಯ, ಕಳುವು ಹಿಡಿಸಲೆಂದೇ ದುಡ್ಡು ಕೊಟ್ಟು ಬಳ್ಳಾರಿಯ ಗಾಂಧಿನಗರದಿಂದ ಲೆಕ್ಕಿಗ ತಿಪ್ಪೇರುದ್ರಪ್ಪನನ್ನು ಕರೆಸಿದ್ದ. ಈರಮ್ಮ ತನ್ನ ಬಟ್ಟೆಗಂಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ಲೆಕ್ಕಿಗ ಹೋದ ವರ್ಷದ ಲೆಕ್ಕದ ಪುಸ್ತಕವನ್ನೂ ಈ ವರ್ಷದ್ದನ್ನೂ ಅಕ್ಕಪಕ್ಕ ಇಟ್ಟು ನೋಡಿದ. ಊಟದಿಂದ ಬಂದ ದುಡ್ಡು ಅಷ್ಟೇ ಇತ್ತು. ಜೋಳ, ಬೇಳೆ, ಕಟ್ಟಿಗೆ, ಬಾಡಿಗೆಯ ಖರ್ಚೂ ಹೆಚ್ಚುಕಡಿಮೆ ಅಷ್ಟೇ. ಹೊಸದಾಗಿ ಸೇರಿದ್ದು ಒಂದೇ ಖರ್ಚು, ರೊಟ್ಟಿ ಬಡಿಯುವವಳ ಪಗಾರ.

ಮುಂಚೆ ಯಾರು ಬಡಿಯುತ್ತಿದ್ದರು ಎಂದು ಕೇಳಿದ.

ಕೊಟ್ರಮ್ಮ ಎಂದ ಮರಿಬಸಪ್ಪ. ಹರೆಯದಲ್ಲೇ ಕೊಳಗಲ್ಲಿನಿಂದ ಒಂದು ಟ್ರಂಕು ಹಿಡಿದು ಬಂದವಳು. ಕೋಳಿ ಕೂಗುವ ಮುಂಚೆ ಒಲೆ ಹಚ್ಚುತ್ತಿದ್ದಳು. ಎಲ್ಲರದೂ ಆದ ಮೇಲೆ ಉಳಿದದ್ದನ್ನು ತಿನ್ನುತ್ತಿದ್ದಳು. ಅವನ ಹೆಸರು ಒಮ್ಮೆಯೂ ಅವಳ ಬಾಯಲ್ಲಿ ಬಂದದ್ದಿಲ್ಲ. ಊರಿನವರಂತೆ ಅವಳೂ ಸಾವ್ಕಾರ್ರು ಎನ್ನುತ್ತಿದ್ದಳು. ಒಲೆಯ ಹೊಗೆಗೆ ಕೆಮ್ಮು ಹತ್ತಿತ್ತು. ಬಳ್ಳಾರಿ ದವಾಖಾನೆಗೆ ಹೋಗಿಬರುತ್ತೇನೆ ಎಂದಾಗ, ಸಂತೆ ಮುಗಿಯಲಿ ಎಂದಿದ್ದ. ಸಂತೆಗಿಂತ ಮುಂಚೆ ಅವಳೇ ಮುಗಿದಿದ್ದಳು.

“ಆಕಿಗೆ ಪಗಾರ ಎಷ್ಟು ಕೊಡತಿದ್ರಿ?”

“ಪಗಾರ ಎಲ್ಲೀದ್ರಿ. ಹೊಟ್ಟಿಗೆ ಊಟ, ಯುಗಾದಿಗೊಂದು ಸೀರಿ.”

ತಿಪ್ಪೇರುದ್ರಪ್ಪ ಕನ್ನಡಕ ತೆಗೆದಿಟ್ಟ. ಅವನಿಗೆ ಕೆಟ್ಟ ಸಿಟ್ಟು ಬಂದಿತ್ತು.

“ಕಳುವು ಆಗಿದ್ದು ಖರೇನs ಐತ್ರಿ. ಆದ್ರ ಈ ವರ್ಷ ಅಲ್ಲ. ಈ ಖಾನಾವಳಿಗೆ ಎಂದೂ ಲಾಭ ಇರ್ಲಿಲ್ಲ. ಆಕಿಗೆ ಕೊಡದ ಕೂಲಿನs ಲಾಭ ಅಂತ ಬರಕೊಂಡೀರಿ.”

ಮರಿಬಸಪ್ಪ, ಗಂಟು ಒಳಗಿಡು ಎಂದು ಈರಮ್ಮನಿಗೆ ಕೈಸನ್ನೆ ಮಾಡಿದ. ಅವಳು ಕಣ್ಣೊರೆಸಿಕೊಂಡು ಒಳಗೆ ಹೋದಳು. ಅಡುಗೆಮನೆಯ ಕಡೆ ನೋಡುವ ಧೈರ್ಯ ಅವನಿಗೆ ಬರಲಿಲ್ಲ.

ಸತ್ತವಳ ಬಾಕಿಯನ್ನು ಅವಳ ಕಡೆಯವರಿಗಾದರೂ ಮುಟ್ಟಿಸಬೇಕು ಎಂದು ಲೆಕ್ಕಿಗ ಪಟ್ಟು ಹಿಡಿದ. ಮಕ್ಕಳಿದ್ದಾರೆಯೇ ಎಂದು ಕೇಳಿದ. ಇಲ್ಲ ಎಂದು ಮರಿಬಸಪ್ಪ ತಲೆಯಾಡಿಸಿದ.

“ಗಂಡನಾದ್ರೂ ಇದ್ದಾನೇನ್ರಿ?”

ಮರಿಬಸಪ್ಪ ಲೆಕ್ಕದ ಪುಸ್ತಕ ಮುಚ್ಚಿದ.

“ನಾನs ಅದೀನ್ರಿ.”