ಆಟ ನಿಲ್ಲಿಸುವ ಸೈರನ್

ಗಾಲ್ಫ್ ಮೈದಾನದ ಸೈರನ್ ಕೇಳಿದ್ದೇ, ರೊಟ್ಟಿ ಬಡಿಯುತ್ತಿದ್ದ ಶಿವಲೀಲಾಳ ಕೈ ಹಿಟ್ಟಿನ ಮೇಲೇ ನಿಂತಿತು. ಬೆಳಗಿನ ಎಂಟಕ್ಕೇ ಐವತ್ತೆರಡು ಡಿಗ್ರಿ. ಮೈಯನ್ನು ತಂಪಾಗಿಡುವ ಯಂತ್ರದ ಅಂಗಿ ತೊಟ್ಟ ಆಟಗಾರರಿಗೆ ಬಿಸಿಲಿನ ಅಂದಾಜು ಸಿಗುವುದಿಲ್ಲ. ಹಾಗಾಗಿ ಅವರ ಚೀಲ ಹೊರುವವರಲ್ಲಿ ಒಬ್ಬ ಬಿದ್ದ ಕೂಡಲೇ ಆಟ ನಿಲ್ಲಿಸಿ, ಉಳಿದವರನ್ನು ಮನೆಗೆ ಕಳಿಸುವುದು ರೂಢಿ.

ಚೀಲ ಹೊರುವವರ ಓಣಿಯ ಹೆಂಗಸರೆಲ್ಲ ತಂತಮ್ಮ ಬಾಗಿಲಿಗೆ ಬಂದರು. "ನಿನ್ನ ಗಂಡ ಕಲ್ಲಿನಂಥಾಂವ, ಇಷ್ಟ ಬಿಸಿಲಿಗೆ ಬೀಳ್ತಾನೇನ?" ಎಂದಳು ಎದುರುಮನೆಯ ಶಾಂತವ್ವ, ತನ್ನ ಗಂಡನ ದಾರಿ ನೋಡುತ್ತಲೇ. ತುಸು ಹೊತ್ತಿಗೆ ಅವಳ ಗಂಡ ಬಂದ; ಶಿವಲೀಲಾಳ ಮುಖ ನೋಡದೆ ಒಳಗೆ ಹೋದ.

ಸೈರನ್ ಕೂಗಿದಾಗಲೆಲ್ಲ "ಅಪ್ಪ ಲಗೂ ಬರ್ತಾನ" ಎಂದು ಕುಣಿಯುತ್ತಿದ್ದ ಮಗಳು ಸುಗಲಾ, ಅವ್ವನ ಹಿಟ್ಟಿನ ಕೈ ಹಿಡಿದುಕೊಂಡಳು.

"ಅವ್ವಾ, ಇವತ್ತ ಬಿದ್ದಾಂವ ನಮ್ಮಪ್ಪನ ಏನ?"