ಎಂಬತ್ತರ ಗೆರೆ

ಸಿಸ್ಟರ್ ಸ್ಫೂರ್ತಿ ಸಲೈನ್ ಬಾಟಲಿಯನ್ನು ಕಂಬದಿಂದ ಇಳಿಸಿ ಬೇರೊಂದನ್ನು ಸಿಕ್ಕಿಸಿದಳು. ಇಳಿಸಿದ್ದರಲ್ಲಿ ಇನ್ನೂ ಅರ್ಧ ಇತ್ತು. ನೀಲಾ ಎರಡನ್ನೂ ನೋಡಿದಳು. ಚೀಟಿಯ ಬಣ್ಣ ಬೇರೆ, ಹೆಸರು ಬೇರೆ.

"ಸಿಸ್ಟರ್, ಅದು ಮುಗಿದಿರಲಿಲ್ಲ."

"ಹೌದ್ರಿ ಅಕ್ಕಾ. ಡಾಕ್ಟರು ಬದಲಿ ಮಾಡು ಅಂದಾರ."

ನೀಲಾ ಮಗಳ ಹೊದಿಕೆ ಸರಿಮಾಡಿದಳು.

ಎಂಟು ವರ್ಷದ ದೀಕ್ಷಿತಾ ಕಣ್ಣು ಮುಚ್ಚಿ ಮಲಗಿದ್ದಳು. ಎದೆಯ ಮೇಲೆ ಉದ್ದ ಪಟ್ಟಿ. ಹುಟ್ಟಿದಾಗಿನಿಂದ ಹೃದಯದಲ್ಲಿದ್ದ ತೂತನ್ನು ಹುಬ್ಬಳ್ಳಿಯಲ್ಲಿ ಮುಚ್ಚಿ ಎಂಟು ದಿನವಾಗಿತ್ತು. ನಿನ್ನೆ ಅಲ್ಲಿಂದ ಹೊರಟವರು ಮನೆ ಮುಟ್ಟಲಿಲ್ಲ. ಯಲ್ಲಾಪುರ ದಾಟುವಾಗ ಶುರುವಾದ ವಾಂತಿ ಶಿರಸಿ ಬಂದರೂ ನಿಲ್ಲಲಿಲ್ಲ. ಕಾರು ಮನೆ ಕಡೆಯ ಹುಲೇಕಲ್ ರಸ್ತೆಗೆ ತಿರುಗುವ ಬದಲು ಈ ಆಸ್ಪತ್ರೆಗೆ ತಿರುಗಿತು.

ನಾಗಪತಿ ಡಾಕ್ಟರು ಬೆಳಿಗ್ಗೆ ಆರು ಗಂಟೆಗೇ ಬಂದರು.

"ಹುಬ್ಬಳ್ಳಿಗೆ ಫೋನ್ ಮಾಡಿದ್ದೆ. ಬರೀ ಉಪ್ಪುನೀರಿನ ಸಲೈನ್ ಜಾಸ್ತಿ ಹೋದರೆ ಇಂಥ ಮಕ್ಕಳ ಕಿಡ್ನಿಗೆ ಭಾರ ಆಗಬಹುದು ಅಂದರು. ಈಗ ಹಾಕಿದ್ದು ರಕ್ತದ ಹದಕ್ಕೆ ಹತ್ತಿರ ಇರೋದು."

"ಕಿಡ್ನಿಗೆ ಏನಾಗಿದೆ ಡಾಕ್ಟ್ರೇ?"

"ಆಗಿದೆ ಅಂತ ನಾನು ಹೇಳಲಿಲ್ಲ. ಹೃದಯದ ಆಪರೇಷನ್ ಆದವರಿಗೆ ಆ ಹೆದರಿಕೆ ಇದ್ದೇ ಇರುತ್ತದೆ. ಮೂತ್ರ ಅಳೆಯೋಣ. ನಾಲ್ಕು ತಾಸಿಗೆ ಎಂಬತ್ತು ಮಿಲಿ ಬಂದರೆ ಸಾಕು. ಕಡಿಮೆ ಆದರೆ ಇಲ್ಲಿ ಇಟ್ಟುಕೊಳ್ಳುವುದಿಲ್ಲ. ಹುಬ್ಬಳ್ಳಿಗೇ ವಾಪಸ್. ಅಲ್ಲಿ ಡಯಾಲಿಸಿಸ್ ಮಷೀನ್ ಇದೆ."

ದೀಕ್ಷಿತಾ ಕಣ್ಣು ತೆರೆದಳು.

ಆಪರೇಷನ್ ಆದ ಮೇಲೆ ಹುಬ್ಬಳ್ಳಿಯಲ್ಲಿ ಮೂರು ದಿನ ನೀಲಾ ಮಗಳನ್ನು ಗಾಜಿನ ಆಚೆಯಿಂದ ನೋಡಿದ್ದಷ್ಟೇ. ಕೊಳವೆ ಕೀಳದಂತೆ ಎರಡೂ ಕೈ ಕಟ್ಟಿದ್ದರು. ಹೊರಗೆ ತಂದ ಮೇಲೆ ಮಗು ಆಡಿದ ಮೊದಲ ಮಾತು, "ಆಯಿ, ಇನ್ನು ಅಲ್ಲಿಗೆ ಕಳಸಡ." ಕಳಿಸುವುದಿಲ್ಲ ಎಂದು ನೀಲಾ ಆಣೆ ಮಾಡಿದ್ದಳು.

ಸ್ಫೂರ್ತಿ ಗೆರೆ ಹಾಕಿದ ಪ್ಲಾಸ್ಟಿಕ್ ಲೋಟ ತಂದುಕೊಟ್ಟಳು. ನೀಲಾ ಊರಿನ ಹಾಲು ಸೊಸೈಟಿಯಲ್ಲಿ ಹಾಲು ಅಳೆಯುವವಳು ಎಂದು ಅವಳಿಗೆ ನಿನ್ನೆಯೇ ಗೊತ್ತಾಗಿತ್ತು.

"ನೀವ ಅಳದು ಹೇಳ್ರಿ, ನಾ ಬರಕೋತೀನಿ. ಡೇರಿಯೋರ ಕೈಯಾಗ ಅಳತಿ ತಪ್ಪಂಗಿಲ್ಲ."

ಹತ್ತು ಗಂಟೆಗೆ ನೀಲಾ ಮಗಳನ್ನು ಬಚ್ಚಲಿಗೆ ಕರೆದೊಯ್ದಳು. ಹೊರಬಂದಾಗ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

"ಎಂಬತ್ತೈದು."

"ಜೋರಾಗಿ ಹೇಳ್ರಿ ಅಕ್ಕಾ, ಕದ್ದ ಮಾಲೇನಲ್ಲ!"

ನೀಲಾ ನಗಲಿಲ್ಲ. ಮಂಚದ ಬಳಿ ಕೂತು ಹನಿ ಬೀಳುವುದನ್ನೇ ನೋಡಿದಳು. ಆ ಹೊಸ ಬಾಟಲಿ ಅವಳಿಗೆ ಹಿಡಿಸಲಿಲ್ಲ.

ಎರಡು ಗಂಟೆಗೆ ದೀಕ್ಷಿತಾ ತಾನೇ ಎದ್ದು ಕೂತಳು. "ಆನೇ ಹೋಗ್ತೆ. ನೀ ಬಾಗಿಲ ಹೊರಗೆ ನಿಲ್ಲು. ನಂಗೆ ನಾಚಿಕೆ."

"ಓಹೋ, ದೊಡ್ಡ ಮನುಷ್ಯಳು!" ಎಂದಳು ಸ್ಫೂರ್ತಿ.

ನೀಲಾ ಬಾಟಲಿಯನ್ನು ಎತ್ತಿ ಹಿಡಿದು, ಬೆನ್ನು ತಿರುಗಿಸಿ, ಬಾಗಿಲ ಸಂದಿಯಲ್ಲಿ ನಿಂತಳು. ಒಳಗೆ ಕೈ ತೊಳೆದ ಸದ್ದಾಯಿತು. ಮಗಳು ಚಾಚಿದ ಲೋಟ ತಣ್ಣಗಿತ್ತು.

"ತೊಂಬತ್ತು," ಎಂದಳು ನೀಲಾ. ಈ ಸಲ ಜೋರಾಗಿಯೇ.

"ಬಣ್ಣನೂ ಎಷ್ಟು ತಿಳಿ ಐತಿ ನೋಡ್ರಿ. ಇಷ್ಟು ಹೊಂಟೈತಿ ಅಂದ್ರ ಇನ್ನೊಂದು ಬಾಟ್ಲಿ ಏರಿಸಬಹುದು."

ಎರಡನೆಯ ಬಾಟಲಿ ಏರಿತು. ಆರು ಗಂಟೆಗೆ ತೊಂಬತ್ತೈದು. ಆದರೆ ಮಗುವಿನ ರೆಪ್ಪೆ ಊದಿಕೊಂಡಿತ್ತು. ಕಾಲಿನ ಮೇಲೆ ಬೆರಳು ಒತ್ತಿದರೆ ಗುಳಿ ಹಾಗೇ ಉಳಿಯುತ್ತಿತ್ತು. ಮಲಗಿದರೆ ಉಸಿರು ಕಟ್ಟುತ್ತದೆ ಎಂದು ಅವಳು ದಿಂಬಿಗೆ ಒರಗಿ ಕೂತೇ ಇದ್ದಳು.

ರಕ್ತದ ರಿಪೋರ್ಟ್ ಹಿಡಿದು ಬಂದ ಡಾಕ್ಟರು ಮಂಚದ ಕಾಲ್ದೆಸೆಯಲ್ಲಿ ನಿಂತರು.

"ಕಿಡ್ನಿ ಸೋತಿದೆ ಅನ್ನುತ್ತದೆ ಇದು. ಮೂತ್ರ ನೋಡಿದರೆ ಚೆನ್ನಾಗಿ ಬರುತ್ತಿದೆ. ಎರಡರಲ್ಲಿ ಒಂದು ಸುಳ್ಳು."

"ಹೊಸ ಬಾಟಲಿಯಿಂದಲೇ ಇರಬೇಕು, ಅಲ್ವಾ?" ನೀಲಾ ಬಾಟಲಿಯತ್ತ ಕೈ ತೋರಿದಳು. "ಅದನ್ನು ಹಾಕಿದ ಮೇಲೇ ಅಲ್ವಾ ಹೀಗಾಗಿದ್ದು? ಹೇಳಿ ಡಾಕ್ಟ್ರೇ, ಅದರಿಂದಲೇ ಅಲ್ವಾ?"

"ಅದು ಬಾಟಲಿಗಳಲ್ಲೇ ಸೌಮ್ಯವಾದದ್ದು ತಾಯಿ. ಲ್ಯಾಬಿನವರೇ ತಪ್ಪಿರಬೇಕು. ಬೆಳಿಗ್ಗೆ ಇನ್ನೊಮ್ಮೆ ರಕ್ತ ನೋಡೋಣ. ಅಲ್ಲಿಯವರೆಗೆ ಇದು ಹೀಗೇ ಹೋಗಲಿ."

ಬೆಳಗಿನವರೆಗೆ. ಒಂದು ಹನಿ ಬಿತ್ತು. ಇನ್ನೊಂದು ಬಿತ್ತು.

"ನಿಲ್ಲಿಸಿ," ಎಂದಳು ನೀಲಾ. "ಲ್ಯಾಬಿನವರದಲ್ಲ, ಸುಳ್ಳು ನನ್ನದು. ಹತ್ತು ಗಂಟೆಗೆ ಅವಳಿಗೆ ಬಂದದ್ದು ಐವತ್ತು. ಉಳಿದದ್ದು ನಲ್ಲಿ ನೀರು. ಮತ್ತೆ ಅವಳನ್ನು ಆ ಗಾಜಿನ ಒಳಗೆ..."

ಸ್ಫೂರ್ತಿಯ ಕೈಯಲ್ಲಿದ್ದ ಪೆನ್ನು ನಿಂತಿತು. ಡಾಕ್ಟರು ನೀಲಾಳ ಕಡೆ ತಿರುಗಿದರು.

"ಆಮೇಲಿನ ಎರಡು ಸಲ?"

"ಮುಟ್ಟಿಲ್ಲ. ದೇವರಾಣೆ. ಅಷ್ಟೂ ಅವಳದೇ."

ಡಾಕ್ಟರ ಹುಬ್ಬು ಸಡಿಲವಾಯಿತು. "ಮಾಡಬಾರದ್ದು ಮಾಡಿದಿರಿ. ಆದರೆ ಒಂದೇ ಸಲ ತಾನೇ? ಕಿಡ್ನಿ ಆಮೇಲೆ ಎದ್ದು ಕೂತಿದೆ ಅಂತಾಯಿತು. ಹೆದರಬೇಡಿ. ಸಿಸ್ಟರ್, ಬಾಟಲಿ ಮುಂದುವರಿಸಿ."

ನೀಲಾ ಮಂಚದ ಅಂಚಿಗೆ ಕುಸಿದು, ಬೆಳಗಿನಿಂದ ತಡೆದಿದ್ದ ಅಳುವನ್ನೆಲ್ಲ ಅತ್ತಳು.

ಊದಿದ ಪುಟ್ಟ ಕೈ ಅವಳ ಸೆರಗು ಎಳೆಯಿತು. "ಅಳಡ ಆಯಿ. ಅವ್ರು ಹುಬ್ಬಳ್ಳಿಗೆ ಕಳಸ್ತ್ವಿಲ್ಲೆ. ನೀ ಬೆಳಗ್ಗೆ ಮಾಡಿದ್ದು ನೋಡಿ ಕಲಿತೆ. ಆಮೇಲೆ ನಂಗೆ ಒಂದು ಹನಿಯೂ ಬರ್ಲೇ ಇಲ್ಲೆ. ಎರಡು ಸಲವೂ ಗೆರೆವರೆಗೆ ನಲ್ಲಿ ನೀರು ತುಂಬಿದ್ದು ಆನೇ."